ಅರದಿಂದ ಅಳತೆಗೋಲಿಗೆ: ಬಂದೂಕಿನ ಬಿಡಿಭಾಗಗಳ ಹೊಂದಿಕೆಯ ಚರಿತ್ರೆ

ಯಂತ್ರವೊಂದರ ಭಾಗವು ಮುರಿದಾಗ ಅದೇ ಹೆಸರಿನ ಬೇರೊಂದು ಭಾಗವನ್ನು ಅಂಗಡಿಯಿಂದ ತಂದು ಕೂಡಿಸುವುದು ಇಂದು ನಮಗೆ ಸಹಜವಾಗಿ ತೋರುತ್ತದೆ. ತಂದ ಭಾಗವು ಹೊಂದದೆ ಹೋದಲ್ಲಿ ಅಂಗಡಿಯವನನ್ನು ದೂರುತ್ತೇವೆಯೇ ಹೊರತು, ಹೊಂದಲೇಬೇಕೆಂಬ ನಮ್ಮ ನಿರೀಕ್ಷೆಯು ಎಷ್ಟು ಈಚಿನದೆಂಬುದನ್ನು ನೆನೆಯುವುದಿಲ್ಲ. ನಮ್ಮ ಹಳ್ಳಿಯ ಬಡಗಿಯು ಗಾಡಿಗೆ ಚಕ್ರವನ್ನು ಮಾಡುವಾಗ ಆ ಗಾಡಿಯ ಅಚ್ಚನ್ನೇ ಎದುರಿಗಿಟ್ಟುಕೊಂಡು ಚಕ್ರದ ನಡುವಣ ತೂತನ್ನು ಕೊರೆಯುತ್ತಿದ್ದನು. ಆ ಚಕ್ರವು ನೆರೆಯೂರಿನ ಗಾಡಿಗೂ ಸೇರಬೇಕೆಂದು ಯಾರೂ ಅವನನ್ನು ಕೇಳುತ್ತಿರಲಿಲ್ಲ. ಕೇಳಿದ್ದರೆ ಅವನು ನಗುತ್ತಿದ್ದನು. ಏಕೆಂದರೆ ಅವನ ಮೊಳ ಬೇರೆ, ನೆರೆಯೂರಿನವನ ಮೊಳ ಬೇರೆ.

ಈ ನಿರೀಕ್ಷೆಯು ಒಂದು ಹಟವಾಗಿ ಬೆಳೆದದ್ದು ಬಂದೂಕಿನ ಕಾರ್ಖಾನೆಗಳಲ್ಲಿ. ಒಂದು ಬಂದೂಕಿನಿಂದ ಬಿಚ್ಚಿದ ಭಾಗವು ಅದೇ ಮಾದರಿಯ ಬೇರಾವ ಬಂದೂಕಿಗಾದರೂ ಅರ ಹಾಕದೆ, ಉಜ್ಜದೆ ಸೇರಬೇಕು. ಇದನ್ನು ನಾವು ಅದಲುಬದಲಿನ ತತ್ತ್ವವೆಂದು ಕರೆಯೋಣ. ಪ್ರಕೃತ ಲೇಖನದಲ್ಲಿ ಈ ತತ್ತ್ವವು 18ನೆಯ ಶತಮಾನದ ಫ್ರಾನ್ಸಿನಲ್ಲಿ ತಲೆಯೆತ್ತಿದ ಬಗೆಯನ್ನೂ, 20ನೆಯ ಶತಮಾನದ ನಡುವೆ ತಾನಾಗಿ ತೋಟಾ ತುಂಬಿಕೊಳ್ಳುವ ದೊಡ್ಡ ರೈಫಲುಗಳ ಕಾಲದಲ್ಲಿ ಅದು ಎದುರಿಸಿದ ತೊಡಕನ್ನೂ, ಆ ತೊಡಕು ನಮ್ಮ ದೇಶದ ಇಷಾಪುರದವರೆಗೆ ಬಂದು ಮುಟ್ಟಿದುದನ್ನೂ ಪರಿಶೀಲಿಸುತ್ತೇವೆ. ನಾವು ತಲಪಿರುವ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುವುದು ಉಚಿತ. ಹೊಂದಿಕೆಯೆಂಬುದು ಲೋಹದ ತುಂಡಿನಲ್ಲಿ ಅಡಗಿರುವ ಗುಣವಲ್ಲ. ಅದು ಗೇಜುಗಳಲ್ಲಿಯೂ ನಕ್ಷೆಗಳಲ್ಲಿಯೂ ಕರಾರುಗಳಲ್ಲಿಯೂ ನೆಲೆಗೊಂಡಿರುವ ಒಂದು ಒಪ್ಪಂದ. ಒಪ್ಪಂದವು ಎರಡಾದೆಡೆಯಲ್ಲಿ ಬಂದೂಕೂ ಎರಡಾಯಿತು.

ಚಕಮಕಿಯ ಬಂದೂಕಿನಲ್ಲಿ ಮೂರು ಮುಖ್ಯ ಅಂಗಗಳು: ಕಬ್ಬಿಣದ ನಳಿಗೆ, ಅದನ್ನು ಹೊತ್ತಿರುವ ಮರ, ಮದ್ದಿಗೆ ಕಿಡಿ ತಾಗಿಸುವ ಲಾಕು. ಲಾಕಿನಲ್ಲಿ ಕುದುರೆ, ಸ್ಪ್ರಿಂಗುಗಳು, ತಿರುಪುಗಳು ಮುಂತಾಗಿ ಅನೇಕ ಸಣ್ಣ ತುಂಡುಗಳುಂಟು. ಕಮ್ಮಾರನು ಇವನ್ನು ಕಾಯಿಸಿ ಬಡಿದು ಆಕಾರಕ್ಕೆ ತರುವನು. ಲಾಕುಗಾರನು ಒಂದನ್ನೊಂದಕ್ಕೆ ಹಿಡಿದು ನೋಡುತ್ತ ಅರದಿಂದ ತಿದ್ದುವನು. ಎಲ್ಲವೂ ಸರಾಗವಾಗಿ ಓಡಿದ ಮೇಲೆ ಬಿಚ್ಚಿ, ಕಾಯಿಸಿ ತಣಿಸಿ ಗಡಸು ಮಾಡುವನು. ಗಡಸಾಗುವಾಗ ಲೋಹವು ಕೊಂಚ ಸೊಟ್ಟಗಾಗುವುದುಂಟು. ಆದುದರಿಂದ ಮೆದುವಾಗಿದ್ದಾಗ ಒಂದೇ ಅಳತೆಗೆ ಬಂದ ತುಂಡುಗಳು ಗಡಸಾದ ಮೇಲೆ ಒಂದೇ ಅಳತೆಯಲ್ಲಿ ಉಳಿಯುತ್ತಿರಲಿಲ್ಲ. ಹೊರನೋಟಕ್ಕೆ ಅಲ್ಪವೆಂದು ತೋರುವ ಈ ಸಂಗತಿಯು ಅದಲುಬದಲಿನ ತತ್ತ್ವವನ್ನು ಬಹುಕಾಲ ತಡೆದ ಕಾರಣಗಳಲ್ಲಿ ಒಂದು. ಒಂದೇ ಬಂದೂಕಿನ ತುಂಡುಗಳು ಬೇರೆಯವುಗಳೊಡನೆ ಬೆರೆಯದಂತೆ ಕೆಲಸಗಾರರು ಅವುಗಳ ಮೇಲೆ ಗುರುತು ಕೊರೆಯುತ್ತಿದ್ದರು. ದಂಡಯಾತ್ರೆಯಲ್ಲಿ ಒಂದು ಸ್ಪ್ರಿಂಗು ಮುರಿದರೆ ಸೇನೆಯ ಜೊತೆಯಲ್ಲಿದ್ದ ಕುಶಲಕರ್ಮಿಯು ಹೊಸದನ್ನು ಆ ಬಂದೂಕಿಗೆಂದೇ ತಿದ್ದಬೇಕಾಗಿತ್ತು. ಅವನಿಲ್ಲದಿದ್ದರೆ ಆ ಬಂದೂಕು ಸಂಗೀನನ್ನು ಸಿಕ್ಕಿಸಿದ ಒಂದು ದೊಣ್ಣೆಯಷ್ಟೆ.

ಫ್ರೆಂಚ್ ಫಿರಂಗಿದಳದ ಮುಖ್ಯಾಧಿಕಾರಿಯಾಗಿದ್ದ ಗ್ರಿಬೋವಾಲನು ತೋಪುಗಳಲ್ಲಿಯೂ ಅವುಗಳ ಗಾಡಿಗಳಲ್ಲಿಯೂ ಏಕರೂಪತೆಯನ್ನು ತರಲು ಶ್ರಮಿಸಿದನು. ಅವನ ಆಶ್ರಯದಲ್ಲಿ ಹೊನೊರೆ ಬ್ಲಾಂಕನೆಂಬ ಬಂದೂಕುಗಾರನು ಅದೇ ವಿಚಾರವನ್ನು ಬಂದೂಕಿನ ಲಾಕಿಗೆ ಅನ್ವಯಿಸಿದನು. 1785ರಲ್ಲಿ ಅಮೆರಿಕದ ರಾಯಭಾರಿಯಾಗಿ ಪ್ಯಾರಿಸಿನಲ್ಲಿದ್ದ ಥಾಮಸ್ ಜೆಫರ್‌ಸನ್ನನು ಈ ಕೆಲಸವನ್ನು ನೋಡಲು ಹೋದನು. ಐವತ್ತು ಲಾಕುಗಳ ತುಂಡುಗಳನ್ನು ಬಗೆಬಗೆಯಾಗಿ ವಿಂಗಡಿಸಿ ಅವನ ಮುಂದಿಟ್ಟರು, ಕೈಗೆ ಸಿಕ್ಕಿದವನ್ನು ಆಯ್ದು ಅವನೇ ಹಲವು ಲಾಕುಗಳನ್ನು ಜೋಡಿಸಿದನು, ಎಲ್ಲವೂ ಹೊಂದಿದವು. ಆ ವಿಷಯವನ್ನು ಅವನು ಆಗಸ್ಟ್ ತಿಂಗಳಲ್ಲಿ ಜಾನ್ ಜೇಗೆ ಬರೆದು ತಿಳಿಸಿದನು. 1790ರಲ್ಲಿ ಬ್ಲಾಂಕನು ಪ್ಯಾರಿಸಿನ ವಿಜ್ಞಾನ ಅಕಾಡೆಮಿಯ ಸದಸ್ಯರೆದುರಿಗೂ ತನ್ನ ಪ್ರಯೋಗವನ್ನು ಮಾಡಿ ತೋರಿಸಿದನು. ಆದರೂ ಫ್ರಾನ್ಸಿನಲ್ಲಿ ಈ ಬೀಜವು ಬೇರೂರಲಿಲ್ಲ. ಇದಕ್ಕೆ ತಂತ್ರದ ದೋಷವೊಂದೇ ಕಾರಣವಲ್ಲ. ಕೆಲಸದ ಬೆಲೆಯನ್ನೂ ರೀತಿಯನ್ನೂ ತಾವೇ ನಿರ್ಧರಿಸುತ್ತಿದ್ದ ಬಂದೂಕುಗಾರರಿಗೂ ವರ್ತಕರಿಗೂ, ಎಲ್ಲವನ್ನೂ ಗೇಜಿನಿಂದ ಅಳೆಯಬಯಸಿದ ಸೈನ್ಯಾಧಿಕಾರಿಗಳಿಗೂ ನಡುವೆ ಇದ್ದ ವಿರಸವು ಆ ಹೊತ್ತಿಗೆ ಹಳೆಯದಾಗಿತ್ತು. ಕೆನ್ ಆಲ್ಡರ್ ಅವರು 1997ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಈ ರಾಜಕೀಯವನ್ನು ವಿಶದವಾಗಿ ತೋರಿಸಿರುವರು. 19ನೆಯ ಶತಮಾನದ ಮೊದಲ ದಶಕದಲ್ಲಿಯೇ ಫ್ರೆಂಚ್ ಸರ್ಕಾರವು ಆ ಪ್ರಯತ್ನವನ್ನು ಕೈಬಿಟ್ಟಿತು.

ಅಮೆರಿಕದ ವಿಷಯಕ್ಕೆ ಬಂದರೆ ಮೊದಲು ಒಂದು ದಂತಕಥೆಯನ್ನು ದಾಟಬೇಕು. ಹತ್ತಿ ಬಿಡಿಸುವ ಯಂತ್ರದಿಂದ ಹೆಸರಾದ ಇಲೈ ವಿಟ್ನಿಯು 1798ರಲ್ಲಿ 10,000 ಬಂದೂಕುಗಳನ್ನು ಒದಗಿಸುವ ಕರಾರನ್ನು ಪಡೆದನು. 1801ರಲ್ಲಿ ರಾಜಧಾನಿಯ ಮುಖಂಡರ ಮುಂದೆ ಲಾಕುಗಳನ್ನು ಬದಲಾಯಿಸಿ ತೋರಿಸಿ ಅವರನ್ನು ಬೆರಗುಗೊಳಿಸಿದನು. ಎರಡು ವರ್ಷಗಳಲ್ಲಿ ಮುಗಿಯಬೇಕಿದ್ದ ಕೆಲಸವು 1809ರಲ್ಲಿ ಮುಗಿಯಿತು. ಶಾಲೆಯ ಪುಸ್ತಕಗಳು ಅದಲುಬದಲಿನ ತತ್ತ್ವದ ಜನಕನೆಂದು ಬಹುಕಾಲ ಅವನನ್ನೇ ಹೊಗಳಿದವು. ಆದರೆ 1960ರಲ್ಲಿ ರಾಬರ್ಟ್ ವುಡ್‌ಬರಿಯವರು ಈ ಕೀರ್ತಿಯ ಆಧಾರಗಳನ್ನು ಒಂದೊಂದಾಗಿ ಪರೀಕ್ಷಿಸಿ ಪ್ರಶ್ನಿಸಿದರು. ಉಳಿದುಬಂದಿರುವ ವಿಟ್ನಿಯ ಬಂದೂಕುಗಳನ್ನು ಬಿಚ್ಚಿ ನೋಡಿದಾಗ ಅವುಗಳ ಭಾಗಗಳು ಪರಸ್ಪರ ಹೊಂದುವುದಿಲ್ಲವೆಂದೂ ತಿಳಿದುಬಂದಿತು. ಲಿಖಿತ ಪ್ರಮಾಣಗಳು ಸುಳ್ಳಾಡಿದಲ್ಲಿ ಒಂದು ತಿರುಪು ನಿಜವನ್ನಾಡಿದ ಇಂತಹ ನಿದರ್ಶನಗಳು ಚರಿತ್ರೆಯಲ್ಲಿ ವಿರಳ. ಇತಿಹಾಸದ ವಿದ್ಯಾರ್ಥಿಗಳು ಕಾಗದಪತ್ರಗಳ ಜೊತೆಗೆ ವಸ್ತುಗಳನ್ನೂ ಓದಲು ಕಲಿಯಬೇಕೆಂದು ನಾವು ತರಗತಿಯಲ್ಲಿ ಹೇಳುವಾಗ ಈ ನಿದರ್ಶನವನ್ನೇ ಕೊಡುವುದುಂಟು.

ನಿಜವಾದ ಕೆಲಸವು ಅಷ್ಟು ಸದ್ದಿಲ್ಲದೆ ಬೇರೆಡೆಗಳಲ್ಲಿ ನಡೆಯಿತು. ಕನೆಕ್ಟಿಕಟ್ ಪ್ರಾಂತದ ಸಿಮಿಯನ್ ನಾರ್ತನು 1813ರಲ್ಲಿ 20,000 ಪಿಸ್ತೂಲುಗಳಿಗೆ ಮಾಡಿಕೊಂಡ ಕರಾರಿನಲ್ಲಿ, ಒಂದರ ಯಾವ ಭಾಗವಾದರೂ ಮಿಕ್ಕವುಗಳಲ್ಲಿ ಯಾವುದಕ್ಕಾದರೂ ಸೇರಬೇಕೆಂಬ ನಿಬಂಧನೆಯಿತ್ತು. ಅದಲುಬದಲಿನ ಮಾತು ಪ್ರದರ್ಶನದ ಮೇಜಿನಿಂದ ಕರಾರಿನ ಕಾಗದಕ್ಕೆ ಬಂದುದು ಗಮನಾರ್ಹ. ಇವನಿಗಿಂತ ಮುಂದೆ ಹೋದವನು ಮೇನ್ ಪ್ರಾಂತದಿಂದ ಬಂದ ಜಾನ್ ಎಚ್. ಹಾಲ್. ಹಿಂಬದಿಯಿಂದ ಮದ್ದು ತುಂಬುವ ರೈಫಲಿಗೆ 1811ರಲ್ಲಿ ಹಕ್ಕುಪತ್ರವನ್ನು ಪಡೆದಿದ್ದ ಈತನು 1819ರಲ್ಲಿ 1,000 ರೈಫಲುಗಳನ್ನು ಮಾಡಿಕೊಡಲು ಒಪ್ಪಿ, ಪೊಟೋಮ್ಯಾಕ್ ಮತ್ತು ಶೆನಾಂಡೋವಾ ನದಿಗಳು ಕೂಡುವ ಹಾರ್ಪರ್ಸ್ ಫೆರಿ ಎಂಬಲ್ಲಿ ಸರ್ಕಾರದ ಶಸ್ತ್ರಾಗಾರದಲ್ಲಿ ಕೆಲಸವನ್ನು ಹೂಡಿದನು.

ಹಾಲನ ಚಿಂತನೆಯನ್ನು ತುಸು ವಿವರಿಸುವುದು ಅವಶ್ಯಕ. ಮುಂದಿನ ಕಥೆಯೆಲ್ಲ ಅದರ ಮೇಲೆ ನಿಂತಿದೆ. ಒಂದು ತುಂಡಿನಲ್ಲಿ ಐದು ತೂತುಗಳಿವೆಯೆಂದು ಇಟ್ಟುಕೊಳ್ಳೋಣ. ಮೊದಲನೆಯದರಿಂದ ಎರಡನೆಯದನ್ನೂ, ಎರಡನೆಯದರಿಂದ ಮೂರನೆಯದನ್ನೂ ಅಳೆಯುತ್ತ ಹೋದರೆ ಪ್ರತಿ ಹೆಜ್ಜೆಯ ಸಣ್ಣ ತಪ್ಪು ಮುಂದಿನದಕ್ಕೆ ಸೇರಿಕೊಂಡು, ಐದನೆಯದಕ್ಕೆ ಬರುವ ವೇಳೆಗೆ ದೊಡ್ಡದಾಗುತ್ತದೆ. ಹಾಲನು ಪ್ರತಿ ತುಂಡಿನ ಮೇಲೂ ಒಂದೇ ನೆಲೆಯನ್ನು ಗೊತ್ತುಮಾಡಿ ಎಲ್ಲ ಅಳತೆಗಳನ್ನೂ ಅದರಿಂದಲೇ ತೆಗೆಯಬೇಕೆಂದನು. ತಪ್ಪು ಆಗುವುದನ್ನು ಇದು ತಡೆಯದು. ತಪ್ಪುಗಳು ಕೂಡಿಕೊಳ್ಳುವುದನ್ನು ತಡೆಯುತ್ತದೆ. ಇದಕ್ಕೆಂದು ಅವನು 63 ಗೇಜುಗಳನ್ನು ಬಳಸುತ್ತಿದ್ದನು. 1827ರಲ್ಲಿ ಸರ್ಕಾರದ ಪರೀಕ್ಷಕರು ಅವನ ಯಂತ್ರಗಳನ್ನೂ ಬಂದೂಕುಗಳನ್ನೂ ನೋಡಿ ಬಹುವಾಗಿ ಮೆಚ್ಚಿದರು. ಮರುವರ್ಷ ಸಿಮಿಯನ್ ನಾರ್ತನಿಗೂ ಇದೇ ರೈಫಲನ್ನು ಮಾಡುವ ಕರಾರು ದೊರೆಯಿತು. 1834ರ ವೇಳೆಗೆ ಕನೆಕ್ಟಿಕಟ್ಟಿನಲ್ಲಿ ಮಾಡಿದ ಭಾಗಗಳು ನೂರಾರು ಮೈಲಿ ದೂರದ ಹಾರ್ಪರ್ಸ್ ಫೆರಿಯ ಬಂದೂಕುಗಳಿಗೆ ಸೇರತೊಡಗಿದವು. ಒಬ್ಬನೇ ಯಜಮಾನನ ಮನೆಯೊಳಗೆ ಹೊಂದಿಕೆಯನ್ನು ಸಾಧಿಸುವುದು ಒಂದು. ಇಬ್ಬರು ಯಜಮಾನರ ನಡುವೆ ಸಾಧಿಸುವುದು ಮತ್ತೊಂದು. ಮೊದಲ ದೊಡ್ಡ ಗೆಲುವು ಇದೆಂದು ನಾವು ಎಣಿಸುತ್ತೇವೆ. ಮ್ಯಾಸಚೂಸೆಟ್ಸಿನ ಸ್ಪ್ರಿಂಗ್‌ಫೀಲ್ಡಿನಲ್ಲಿ ಅದೇ ಕಾಲದಲ್ಲಿ ಥಾಮಸ್ ಬ್ಲಾಂಚಾರ್ಡನು ಬಂದೂಕಿನ ಮರವನ್ನು ಕಡೆಯುವ ಲೇತನ್ನು ರೂಪಿಸಿದನು. 1842ರ ಮಾದರಿಯ ಮಸ್ಕೆಟ್ಟು ಎರಡು ಶಸ್ತ್ರಾಗಾರಗಳಲ್ಲಿಯೂ ಪೂರ್ಣವಾಗಿ ಅದಲುಬದಲಾಗುವಂತೆ ತಯಾರಾಯಿತು.

ಈ ಗೆಲುವಿಗೆ ಕೊಟ್ಟ ಬೆಲೆಯನ್ನು ಹೇಳದೆ ಮುಂದೆ ಹೋಗುವುದು ಸರಿಯಲ್ಲ. ಹಾರ್ಪರ್ಸ್ ಫೆರಿಯ ಬಂದೂಕುಗಾರರು ತಮ್ಮ ಇಚ್ಛೆಯಂತೆ ಬಂದು, ತಮ್ಮ ಗತಿಯಲ್ಲಿ ಕೆಲಸ ಮಾಡಿ, ತುಂಡಿನ ಲೆಕ್ಕದಲ್ಲಿ ಕೂಲಿ ಪಡೆಯುತ್ತಿದ್ದ ಕುಶಲಕರ್ಮಿಗಳು. ಬಿಗಿಯಾದ ಕಟ್ಟುಪಾಡನ್ನು ತರಲು ಬಂದ ಮೇಲ್ವಿಚಾರಕ ಥಾಮಸ್ ಡನ್ನನನ್ನು 1830ರ ಜನವರಿಯಲ್ಲಿ ಎಬೆನೀಸರ್ ಕಾಕ್ಸ್ ಎಂಬ ಅಸಂತುಷ್ಟ ಕೆಲಸಗಾರನು ಗುಂಡಿಟ್ಟು ಕೊಂದನು; ಅದೇ ವರ್ಷ ಕಾಕ್ಸನಿಗೆ ಗಲ್ಲಾಯಿತು. 1842ರಲ್ಲಿ ಗಡಿಯಾರದ ಲೆಕ್ಕದಲ್ಲಿ ದುಡಿಯಬೇಕೆಂಬ ಆಜ್ಞೆಯಾದಾಗ ಕೆಲಸಗಾರರು ಕೆಲಸವನ್ನು ನಿಲ್ಲಿಸಿ, ಕಾಲುವೆಯ ದೋಣಿಯನ್ನೇರಿ ವಾಷಿಂಗ್ಟನ್ನಿಗೆ ಹೋಗಿ ಅಧ್ಯಕ್ಷ ಟೈಲರನಲ್ಲಿ ಮೊರೆಯಿಟ್ಟರು. ಅಧ್ಯಕ್ಷನು ಒಳ್ಳೆಯ ಮಾತಾಡಿ ಕಳುಹಿಸಿದನು. ಗಡಿಯಾರವು ಮಾತ್ರ ಉಳಿಯಿತು. ಮೆರಿಟ್ ರೋ ಸ್ಮಿತ್ ಅವರು 1977ರಲ್ಲಿ ಬರೆದ ಗ್ರಂಥವು ಈ ಊರಿನ ಕಥೆಯನ್ನು ಹೇಳುತ್ತದೆ. ಅದನ್ನು ಓದಿದವರಿಗೆ ಗೇಜೆಂಬುದು ಬರಿಯ ಉಕ್ಕಿನ ಪಟ್ಟಿಯಾಗಿ ಕಾಣಲಾರದು. ಇದು ಸರಿಯೋ ತಪ್ಪೋ ಎಂಬ ನಿರ್ಣಯವು ಕೆಲಸಗಾರನ ಕಣ್ಣಿನಿಂದ ಜಾರಿ, ಅವನು ಮಾಡದ ಒಂದು ವಸ್ತುವಿನ ವಶವಾಯಿತು.

ಇಂಗ್ಲೆಂಡು ಈ ವಿಷಯದಲ್ಲಿ ತಡವಾಗಿ ಎಚ್ಚೆತ್ತಿತು. 1851ರ ಲಂಡನ್ನಿನ ಮಹಾ ಪ್ರದರ್ಶನದಲ್ಲಿ ವರ್ಮಾಂಟಿನ ರಾಬಿನ್ಸ್ ಮತ್ತು ಲಾರೆನ್ಸ್ ಸಂಸ್ಥೆಯು ಅದಲುಬದಲಾಗುವ ಆರು ರೈಫಲುಗಳನ್ನು ಇಟ್ಟಿತ್ತು. 1854ರಲ್ಲಿ ಬ್ರಿಟಿಷ್ ಅಧಿಕಾರಿಗಳ ಸಮಿತಿಯೊಂದು ಅಮೆರಿಕಕ್ಕೆ ಹೋಗಿ ಸ್ಪ್ರಿಂಗ್‌ಫೀಲ್ಡಿನಲ್ಲಿ ಕಟ್ಟುನಿಟ್ಟಾದ ಪರೀಕ್ಷೆಯನ್ನು ನಡೆಸಿತು. 1844ರಿಂದ 1853ರವರೆಗೆ ವರ್ಷಕ್ಕೊಂದರಂತೆ ತಯಾರಾದ ಹತ್ತು ಮಸ್ಕೆಟ್ಟುಗಳನ್ನು ತರಿಸಿ, ಪೂರ್ತಿಯಾಗಿ ಬಿಚ್ಚಿಸಿ, ಭಾಗಗಳನ್ನು ಬೆರೆಸಿಟ್ಟು, ಮತ್ತೆ ಜೋಡಿಸಲು ಕೆಲಸಗಾರನಿಗೆ ಹೇಳಿದರು. ತಿರುಪುಳಿಯೊಂದರಿಂದಲೇ ಅವನು ಹತ್ತನ್ನೂ ಜೋಡಿಸಿದನು. ಅನಂತರ ಎನ್‌ಫೀಲ್ಡಿನ ಕಾರ್ಖಾನೆಗೆ ಅಮೆರಿಕದ ಯಂತ್ರಗಳು ಬಂದವು. ಹಾರ್ಪರ್ಸ್ ಫೆರಿಯಲ್ಲಿದ್ದ ಜೇಮ್ಸ್ ಬರ್ಟನ್ನನೇ ಅಲ್ಲಿಯ ಮುಖ್ಯ ಎಂಜಿನಿಯರಾಗಿ ಬಂದನು. ಅಲ್ಲಿ ತಯಾರಾಗತೊಡಗಿದುದು 1853ರ ಮಾದರಿಯ ಎನ್‌ಫೀಲ್ಡ್ ರೈಫಲು. 1857ರಲ್ಲಿ ತನ್ನ ತೋಟಾದ ಕೊಬ್ಬಿನಿಂದ ನಮ್ಮ ದೇಶದ ಚರಿತ್ರೆಯನ್ನು ಹೊಕ್ಕ ಬಂದೂಕು ಇದೇ. ಕೊಬ್ಬಿನ ವಿಷಯವನ್ನು ನಮ್ಮವರು ಬೇಕಾದಷ್ಟು ಬರೆದಿರುವರು. ಅದೇ ರೈಫಲು ಎನ್‌ಫೀಲ್ಡಿನ ಯಂತ್ರಗಳಿಂದ ಒಂದು ಬಗೆಯಾಗಿಯೂ, ಬರ್ಮಿಂಗ್‌ಹ್ಯಾಮಿನ ಸಣ್ಣ ಅಂಗಡಿಗಳಲ್ಲಿ ಕೈಗೆಲಸದಿಂದ ಮತ್ತೊಂದು ಬಗೆಯಾಗಿಯೂ ತಯಾರಾಗುತ್ತಿತ್ತೆಂಬುದು ಅಷ್ಟು ಪ್ರಸಿದ್ಧವಲ್ಲ. ಮಾದರಿಯ ಹೆಸರು ಒಂದೇ, ಗುಂಡು ಒಂದೇ, ನೋಟ ಒಂದೇ. ಒಂದರ ಲಾಕನ್ನು ಮತ್ತೊಂದಕ್ಕೆ ಕೂಡಿಸಹೊರಟರೆ ಅರವು ಬೇಕೇ ಬೇಕು.

ಇದೇ ತೊಡಕು ಮೊದಲ ಮಹಾಯುದ್ಧದಲ್ಲಿ ಇನ್ನೂ ದೊಡ್ಡ ಪ್ರಮಾಣದಲ್ಲಿ ಕಾಣಿಸಿಕೊಂಡಿತು. ಬ್ರಿಟಿಷ್ ಸರ್ಕಾರಕ್ಕಾಗಿ ಅಮೆರಿಕದ ವಿಂಚೆಸ್ಟರ್, ರೆಮಿಂಗ್ಟನ್, ಎಡಿಸ್ಟೋನ್ ಎಂಬ ಮೂರು ಕಾರ್ಖಾನೆಗಳು ಒಂದೇ ರೈಫಲನ್ನು ಮಾಡುತ್ತಿದ್ದವು. ಆದರೆ ಒಂದರ ಭಾಗಗಳು ಮತ್ತೊಂದಕ್ಕೆ ಹೊಂದುತ್ತಿರಲಿಲ್ಲ. 1917ರಲ್ಲಿ ಅಮೆರಿಕವೇ ಯುದ್ಧಕ್ಕಿಳಿದು ಆ ರೈಫಲನ್ನು ತನ್ನ ತೋಟಾಕ್ಕೆ ಹೊಂದಿಸಿಕೊಂಡಾಗ, ಬಂದೂಕುಗಳಿಲ್ಲದೆ ಪರದಾಡುತ್ತಿದ್ದ ಸಮಯದಲ್ಲಿಯೂ, ನಕ್ಷೆಗಳನ್ನು ಏಕರೂಪಗೊಳಿಸುವವರೆಗೆ ತಯಾರಿಕೆಯನ್ನು ತಡೆಹಿಡಿಯಲಾಯಿತು. ವಿಂಚೆಸ್ಟರ್ ಕಾರ್ಖಾನೆಯು ಕಾಯದೆ ಮುನ್ನುಗ್ಗಿತು. ಅದರ ಮೊದಲ ಬಂದೂಕುಗಳು ಬಿಡಿಭಾಗಗಳ ವಿಷಯದಲ್ಲಿ ತೊಂದರೆ ಕೊಟ್ಟವು. ಕೆಲವು ವಾರಗಳ ತಡವನ್ನು ಸಹಿಸಿದವರು ಸರಿಯೋ, ಸಹಿಸದವರು ಸರಿಯೋ ಎಂಬ ಚರ್ಚೆಗೆ ಇಲ್ಲಿ ಎಡೆಯಿಲ್ಲ. ಹೊಂದಿಕೆಗಾಗಿ ಒಂದು ಸರ್ಕಾರವು ಯುದ್ಧದ ನಡುವೆಯೂ ಕಾಯಲು ಒಪ್ಪಿತೆಂಬುದೇ ನಮಗೆ ಮುಖ್ಯ.

ಇಲ್ಲಿಯವರೆಗೆ ಹೇಳಿದ ರೈಫಲುಗಳಲ್ಲಿ ಪ್ರತಿ ಗುಂಡಿಗೂ ಸಿಪಾಯಿಯೇ ತನ್ನ ಕೈಯಿಂದ ತೋಟಾವನ್ನು ತುಂಬಬೇಕಾಗಿತ್ತು. ಬೋಲ್ಟನ್ನು ಎಳೆಯುವಾಗ ಕೊಂಚ ಬಿಗಿಯಾಗಿದ್ದರೆ ಅವನು ಕೊಂಚ ಹೆಚ್ಚು ಬಲ ಹಾಕುವನು. ಬಂದೂಕಿನ ಕೊರತೆಯನ್ನು ಅವನ ತೋಳು ತುಂಬಿಕೊಡುತ್ತಿತ್ತು. ತಾನಾಗಿ ತುಂಬಿಕೊಳ್ಳುವ ರೈಫಲಿನಲ್ಲಿ ಈ ತೋಳಿಲ್ಲ. ಸಿಡಿದ ಮದ್ದಿನ ಅನಿಲದಲ್ಲಿ ಒಂದಂಶವು ಭಾಗಗಳನ್ನು ಹಿಂದಕ್ಕೆ ತಳ್ಳಿ, ಖಾಲಿ ತೋಟಾವನ್ನು ಹೊರಗೆಸೆದು, ಸ್ಪ್ರಿಂಗಿನ ಬಲದಿಂದ ಹೊಸದನ್ನು ಒಳಗೆ ಸೇರಿಸಬೇಕು. ಕಣ್ಣು ಮಿಟುಕಿಸುವುದರೊಳಗೆ ಎಲ್ಲವೂ ನಡೆದುಹೋಗಬೇಕು. ಒಂದು ಭಾಗದ ಬಿಗುಪನ್ನು ಇನ್ನೊಂದು ಭಾಗವು ಕ್ಷಮಿಸದು. ಅಮೆರಿಕವು 1936ರಲ್ಲಿ ಸ್ವೀಕರಿಸಿದ ಎಂ-1 ರೈಫಲಿನ ಕರ್ತೃವಾದ ಜಾನ್ ಗರಾಂಡರು ಬಂದೂಕನ್ನಷ್ಟೇ ಅಲ್ಲದೆ ಅದನ್ನು ಮಾಡುವ ಯಂತ್ರೋಪಕರಣಗಳನ್ನೂ ರೂಪಿಸಲು ವರ್ಷಗಟ್ಟಲೆ ದುಡಿದುದು ಈ ಕಾರಣದಿಂದಲೇ. ಅದರ ತೋಟಾದ ಆಯ್ಕೆಯಲ್ಲಿಯೂ ಹೊಂದಿಕೆಯ ವಿಚಾರವೇ ಗೆದ್ದಿತು. ಸಣ್ಣ ತೋಟಾವು ಲೇಸೆಂದು ತಜ್ಞರು ಹೇಳಿದ್ದರೂ, ಉಗ್ರಾಣಗಳಲ್ಲಿ ಹಳೆಯ ಅಳತೆಯದು ರಾಶಿ ಬಿದ್ದಿದೆಯೆಂಬ ಕಾರಣವನ್ನೂ ಮುಂದಿಟ್ಟು 1932ರಲ್ಲಿ ಸೇನಾಮುಖ್ಯ ಮ್ಯಾಕಾರ್ಥರರು ಆ ಸಲಹೆಯನ್ನು ತಳ್ಳಿಹಾಕಿದರು.

ಎರಡನೆಯ ಮಹಾಯುದ್ಧದ ಅನಂತರ ಬೆಲ್ಜಿಯಮ್ಮಿನ ಎರ್ಸ್ಟಾಲಿನಲ್ಲಿರುವ ಫಾಬ್ರೀಕ್ ನಾಸಿಯೊನಾಲ್ ಸಂಸ್ಥೆಯ ದ್ಯೂದೊನೆ ಸೇವ್ ಮತ್ತು ಎರ್ನೆಸ್ಟ್ ವರ್ವಿಯೆ ಎಂಬವರು ರೂಪಿಸಿದ ಎಫ್.ಎ.ಎಲ್. ರೈಫಲು ಮೊದಲು ಸಣ್ಣ ತೋಟಾಕ್ಕೆಂದು ಹುಟ್ಟಿತು. ಅಮೆರಿಕದ ಒತ್ತಾಯದಿಂದ ನ್ಯಾಟೋ ಕೂಟವು 7.62 ಮಿಲಿಮೀಟರಿನ ಬಲವಾದ ತೋಟಾವನ್ನು ಒಪ್ಪಿದಾಗ ರೈಫಲನ್ನೂ ಅದಕ್ಕೆ ತಕ್ಕಂತೆ ಹಿಗ್ಗಿಸಬೇಕಾಯಿತು. ಕೂಟದ ಉದ್ದೇಶವು ಸ್ಪಷ್ಟವಾಗಿತ್ತು: ಒಂದು ದೇಶದ ತೋಟಾವು ಇನ್ನೊಂದು ದೇಶದ ಬಂದೂಕಿನಲ್ಲಿ ಓಡಬೇಕು, ಸಾಧ್ಯವಾದರೆ ಬಂದೂಕೇ ಒಂದಾಗಬೇಕು. ತೋಟಾವು ಒಂದಾಯಿತು. ಬಂದೂಕು ಒಂದಾಗಲಿಲ್ಲ. ಅಮೆರಿಕವೇ ಎಫ್.ಎ.ಎಲ್. ಅನ್ನು ಪರೀಕ್ಷಿಸಿ, 1957ರಲ್ಲಿ ತನ್ನದೇ ಎಂ-14ನ್ನು ಆರಿಸಿಕೊಂಡಿತು.

ಕೆನಡ, ಬ್ರಿಟನ್, ಆಸ್ಟ್ರೇಲಿಯ ದೇಶಗಳು ಎಫ್.ಎ.ಎಲ್. ಅನ್ನು ಒಪ್ಪಿಕೊಂಡವು, ಎಲ್ಲರಿಗಿಂತ ಮೊದಲು, 1955ರಲ್ಲಿ, ಕೆನಡ. ಇವುಗಳ ಕಾರ್ಖಾನೆಗಳ ಲೇತುಗಳೂ ಗೇಜುಗಳೂ ಅಂಗುಲದವು. ಬೆಲ್ಜಿಯಮ್ಮಿನ ನಕ್ಷೆಗಳಾದರೋ ಮಿಲಿಮೀಟರಿನವು. ಆದುದರಿಂದ ಕೆನಡದವರು ಎಲ್ಲ ನಕ್ಷೆಗಳನ್ನೂ ಅಂಗುಲಕ್ಕೆ ತಿರುಗಿಸಿ ಬರೆದರು. ಅಂಗುಲಕ್ಕೆ 25.4 ಮಿಲಿಮೀಟರು ಎಂದು ಗುಣಿಸಿಬಿಟ್ಟರೆ ಮುಗಿಯಿತಲ್ಲ ಎಂದು ವಾಚಕರು ಕೇಳಬಹುದು. ಬ್ರಿಟಿಷ್ ಅಂಗುಲಕ್ಕೂ ಅಮೆರಿಕದ ಅಂಗುಲಕ್ಕೂ 1959ರವರೆಗೆ ಸ್ವಲ್ಪ ವ್ಯತ್ಯಾಸವಿದ್ದಿತಾದರೂ ಅದು ಹತ್ತು ಲಕ್ಷದಲ್ಲಿ ಮೂರು ಪಾಲಿನಷ್ಟು ಮಾತ್ರ. ಬಂದೂಕಿಗೆ ಅದರಿಂದ ಬಾಧಕವಿಲ್ಲ. ತೊಡಕು ಬೇರೆಡೆಯಿತ್ತು. ಯಾವ ನಕ್ಷೆಯೂ ಒಂದು ಭಾಗಕ್ಕೆ ಒಂದೇ ಅಳತೆಯನ್ನು ವಿಧಿಸುವುದಿಲ್ಲ. ಇಷ್ಟಕ್ಕೆ ಕಡಮೆಯಾಗಬಾರದು, ಇಷ್ಟಕ್ಕೆ ಮೀರಬಾರದು ಎಂಬ ಎರಡು ಎಲ್ಲೆಗಳನ್ನು ಹಾಕುತ್ತದೆ. ಒಂದು ಮಿಲಿಮೀಟರಿನ ಹತ್ತನೆಯ ಒಂದು ಭಾಗವು ಅಂಗುಲದಲ್ಲಿ 0.003937; ಕಾರ್ಖಾನೆಯ ಕೆಲಸಗಾರನಿಗೆ ಈ ಸಂಖ್ಯೆ ಬೇಡ, ಅವನಿಗೆ 0.004 ಬೇಕು. ಹೀಗೆ ಸಾವಿರದಂಶಗಳಿಗೆ ಸರಿಹೊಂದಿಸುವಾಗ ಪ್ರತಿಯೊಂದು ಎಲ್ಲೆಯೂ ಕೂದಲೆಳೆಯಷ್ಟು ಆಚೀಚೆ ಸರಿಯುತ್ತದೆ; ಪರಸ್ಪರ ತಾಗುವ ಭಾಗಗಳ ಎಲ್ಲೆಗಳನ್ನು ಮತ್ತೆ ಒಂದಕ್ಕೊಂದು ಹೊಂದಿಸಬೇಕಾಗುತ್ತದೆ. ಅಂದರೆ ಅದು ಭಾಷಾಂತರವಲ್ಲ, ಹೊಸ ರಚನೆ.

ಇದರ ಜೊತೆಗೆ ಕಾಮನ್‌ವೆಲ್ತ್ ದೇಶಗಳು ತಮ್ಮ ಅನುಭವದಂತೆ ಬುದ್ಧಿಪೂರ್ವಕವಾಗಿ ಕೆಲವು ಮಾರ್ಪಾಟುಗಳನ್ನು ಮಾಡಿಕೊಂಡವು. ಮರಳು ಸೇರಿದರೂ ಸಿಕ್ಕಿಕೊಳ್ಳದಂತೆ ಚಲಿಸುವ ಭಾಗದಲ್ಲಿ ಕೊರೆದ ಗೀರುಗಳು, ಮಡಿಸಬಹುದಾದ ಎಳೆಯುವ ಹಿಡಿ, ಮ್ಯಾಗಜೀನನ್ನು ಮುಂದುಗಡೆಯಲ್ಲಿ ಹಿಡಿದಿಡುವ ದಪ್ಪನೆಯ ಮೂಗು, ಇವೆಲ್ಲ ಅಂಗುಲದ ಬಳಗದ ಗುರುತುಗಳು. ಒಟ್ಟಿನಲ್ಲಿ ಲೋಕದಲ್ಲಿ ಎರಡು ಎಫ್.ಎ.ಎಲ್. ಬಳಗಗಳಾದವು. ಹಲವು ತುಂಡುಗಳು ಎರಡಕ್ಕೂ ಸಲ್ಲುತ್ತಿದ್ದವು. ಕೆಲವು ಒಂದೊಂದಾಗಿ ಸಲ್ಲದೆ ಗುಂಪಾಗಿ ಮಾತ್ರ ಸಲ್ಲುತ್ತಿದ್ದವು. ಕೆಲವು ಸಲ್ಲುತ್ತಲೇ ಇರಲಿಲ್ಲ. ಮ್ಯಾಗಜೀನಿನ ವಿಷಯವಂತೂ ಏಕಮುಖ ಸಂಬಂಧ: ಮೆಟ್ರಿಕ್ ಮ್ಯಾಗಜೀನು ಸಾಮಾನ್ಯವಾಗಿ ಅಂಗುಲದ ಬಂದೂಕಿಗೆ ಹೋಗಿ ನಿಲ್ಲುವುದು, ಅಂಗುಲದ್ದು ಮೆಟ್ರಿಕ್ ಬಂದೂಕಿಗೆ ಹೋಗದು. 1982ರ ಫಾಕ್ಲಂಡ್ ಯುದ್ಧದಲ್ಲಿ ಈ ಎರಡು ಬಳಗಗಳು ಎದುರುಬದುರಾದವು. ಅರ್ಜೆಂಟೀನದ ಸಿಪಾಯಿಯ ಕೈಯಲ್ಲಿ ಮೆಟ್ರಿಕ್ ಎಫ್.ಎ.ಎಲ್., ಬ್ರಿಟಿಷ್ ಸಿಪಾಯಿಯ ಕೈಯಲ್ಲಿ ಅಂಗುಲದ ಎಲ್-1-ಎ-1. ತೋಟಾ ಮಾತ್ರ ಇಬ್ಬರದೂ ಒಂದೇ.

ಇನ್ನೊಂದು ಸಂಗತಿಯಿದೆ, ತತ್ತ್ವದ ದೃಷ್ಟಿಯಿಂದ ಇದು ನಮಗೆ ಅತ್ಯಂತ ಕುತೂಹಲಕರವಾಗಿ ಕಂಡಿತು. ಎಫ್.ಎ.ಎಲ್. ರೈಫಲಿನಲ್ಲಿ ಗುಂಡು ಸಿಡಿಯುವ ಕ್ಷಣದಲ್ಲಿ ಬೋಲ್ಟಿನ ಬೆನ್ನಿಗೆ ಆನಿಕೆಯಾಗುವ ಒಂದು ಸಣ್ಣ ಉಕ್ಕಿನ ತುಂಡು ಇದೆ. ನಳಿಗೆ, ಬೋಲ್ಟು, ಒಡಲು ಈ ಮೂರರ ಅಲ್ಪಸ್ವಲ್ಪ ತಪ್ಪುಗಳೂ ಒಟ್ಟುಗೂಡುವ ಜಾಗವದು. ಆದುದರಿಂದ ಆ ತುಂಡೊಂದನ್ನು ಮಾತ್ರ ಬೇರೆ ಬೇರೆ ಅಳತೆಗಳಲ್ಲಿ ಮಾಡಿಟ್ಟು, ಪ್ರತಿ ಬಂದೂಕಿಗೂ ತಕ್ಕುದನ್ನು ಕಾರ್ಖಾನೆಯಲ್ಲಿ ಅಳೆದು ಆರಿಸುತ್ತಿದ್ದರು. ಬ್ರಿಟಿಷರ ನಾಲ್ಕನೆಯ ನಂಬರಿನ ಲೀ-ಎನ್‌ಫೀಲ್ಡ್ ರೈಫಲಿನಲ್ಲಿಯೂ ಇದೇ ಉದ್ದೇಶಕ್ಕೆ ಬೋಲ್ಟಿನ ತಲೆಗಳನ್ನು 0ಯಿಂದ 3ರವರೆಗೆ ಅಂಕೆ ಹಾಕಿ ಇಡುತ್ತಿದ್ದರು. ಅದಲುಬದಲಿನ ತತ್ತ್ವವು ಪೂರ್ಣ ಜಯವನ್ನು ಎಂದೂ ಪಡೆಯಲಿಲ್ಲವೆಂದು ಇದರಿಂದ ವಿದಿತವಾಗುತ್ತದೆ. ಎಲ್ಲ ಭಾಗಗಳನ್ನೂ ಕರಾರುವಾಕ್ಕಾಗಿ ಮಾಡುವುದು ದುಬಾರಿ; ಒಂದು ಭಾಗದಲ್ಲಿ ಮಾತ್ರ ಆಯ್ಕೆಗೆ ಎಡೆಯಿಟ್ಟು ಮಿಕ್ಕವುಗಳ ಲೋಪವನ್ನು ಅದರಲ್ಲಿ ತೀರಿಸುವುದು ಅಗ್ಗ. ಹಳೆಯ ಲಾಕುಗಾರನು ಅರ ಹಿಡಿದು ಮಾಡುತ್ತಿದ್ದ ಕೆಲಸವನ್ನು ಈಗ ಕಾರ್ಖಾನೆಯ ಪರೀಕ್ಷಕನು ಅಂಕೆ ಹಾಕಿದ ತುಂಡುಗಳ ಪೆಟ್ಟಿಗೆಯನ್ನು ಮುಂದಿಟ್ಟುಕೊಂಡು ಮಾಡತೊಡಗಿದನು.

ಈಗ ನಮ್ಮ ದೇಶಕ್ಕೆ ಬರೋಣ. ಕಲ್ಕತ್ತೆಯ ಉತ್ತರಕ್ಕೆ ಹೂಗ್ಲಿ ನದಿಯ ದಡದಲ್ಲಿರುವ ಇಷಾಪುರದಲ್ಲಿ 20ನೆಯ ಶತಮಾನದ ಆರಂಭದಿಂದ ಲೀ-ಎನ್‌ಫೀಲ್ಡ್ ರೈಫಲುಗಳು ತಯಾರಾಗುತ್ತಿದ್ದವು. ಎನ್‌ಫೀಲ್ಡಿನ ನಕ್ಷೆ, ಎನ್‌ಫೀಲ್ಡಿನ ಅಂಗುಲ, ಎನ್‌ಫೀಲ್ಡಿನ ಗೇಜು. ಸ್ವಾತಂತ್ರ್ಯವು ಬಂದಾಗ ಕಾರ್ಖಾನೆಯೊಡನೆ ಇವೂ ನಮ್ಮ ಪಾಲಿಗೆ ಬಂದವು. 1962ರ ಶರತ್ಕಾಲದಲ್ಲಿ ಈಶಾನ್ಯದ ಬೆಟ್ಟಗಳಲ್ಲಿ ನಮ್ಮ ಜವಾನರು ಕಾದಾಡಿದುದು ಈ ಹಳೆಯ .303 ರೈಫಲಿನಿಂದ, ಒಂದೊಂದು ಗುಂಡಿಗೂ ಬೋಲ್ಟನ್ನು ಎಳೆದು, ಕೊರೆಯುವ ಚಳಿಯಲ್ಲಿ. ಎದುರಾಳಿಗಳಲ್ಲಿ ತಾನಾಗಿ ತುಂಬಿಕೊಳ್ಳುವ ರೈಫಲುಗಳಿದ್ದವು. ಆ ಸೋಲಿಗೆ ಬಂದೂಕೇ ಮುಖ್ಯ ಕಾರಣವೆಂದು ಹೇಳುವುದು ಅತಿಯಾದೀತು. ಆದರೆ ಹೊಸ ರೈಫಲನ್ನು ಕೈಗೆ ಕೊಡುವ ಕೆಲಸಕ್ಕೆ ಆ ಸೋಲು ಅವಸರವನ್ನು ತಂದಿತೆನ್ನುವುದರಲ್ಲಿ ಸಂದೇಹವಿಲ್ಲ.

ಹೊಸ ರೈಫಲಿನ ಕೆಲಸವು ಅದಕ್ಕೆ ಮೊದಲೇ ಆರಂಭವಾಗಿತ್ತು. ಬೆಲ್ಜಿಯಮ್ಮಿನ ಸಂಸ್ಥೆಯೊಡನೆ ಮಾತುಕತೆಯು ಫಲಿಸದಿರಲು, ಪುಣೆಯಲ್ಲಿದ್ದ ಶಸ್ತ್ರಾಸ್ತ್ರ ಸಂಶೋಧನಾ ಸಂಸ್ಥೆಯ ತಜ್ಞರು ಬೇರೆ ಬೇರೆ ದೇಶಗಳ ಎಫ್.ಎ.ಎಲ್. ಮಾದರಿಗಳನ್ನು ಮುಂದಿಟ್ಟುಕೊಂಡು, ಬಿಚ್ಚಿ, ಅಳೆದು, ತಮ್ಮದೇ ನಕ್ಷೆಯನ್ನು ಬರೆದರು. ಅನುಮತಿಯಿಲ್ಲದೆ ಮಾಡಿದುದಕ್ಕೆ ಆ ಸಂಸ್ಥೆಯು ಆಕ್ಷೇಪಿಸಿತು, ಕಡೆಗೆ ರಾಜಿಯಾಯಿತು. 1-ಎ-1 ಎಂಬ ಹೆಸರಿನ ಈ ರೈಫಲು 1963ರಲ್ಲಿ ಸೇನೆಗೆ ಬಂದಿತು. ಜವಾನರ ಬಾಯಲ್ಲಿ ಅದು ಎಸ್.ಎಲ್.ಆರ್.; 1965ರಲ್ಲಿಯೂ 1971ರಲ್ಲಿಯೂ ರಣರಂಗದಲ್ಲಿದ್ದುದು, ರಜೆಯ ಮೇಲೆ ಬಂದ ಕೊಡಗಿನ ಸಿಪಾಯಿಯು ಮನೆಯವರಿಗೆ ಬಣ್ಣಿಸುತ್ತಿದ್ದುದು ಇದನ್ನೇ.

ಮುಗಿದ ವಸ್ತುವನ್ನು ಅಳೆದು ನಕ್ಷೆ ಬರೆಯುವುದರಲ್ಲಿ ಒಂದು ಮೂಲಭೂತ ಕಷ್ಟವಿದೆಯೆಂಬುದನ್ನು ಮೇಲಿನ ವಿವರಣೆಯಿಂದಲೇ ಊಹಿಸಬಹುದು. ಬಂದೂಕನ್ನು ಬಿಚ್ಚಿ ಅಳೆದವನಿಗೆ ಒಂದೊಂದು ಭಾಗದ ಒಂದೊಂದು ಅಳತೆ ದೊರೆಯುವುದೇ ಹೊರತು, ಆ ಅಳತೆಯ ಎರಡು ಬದಿಯ ಎಲ್ಲೆಗಳು ದೊರೆಯವು. ಅವು ಲೋಹದಲ್ಲಿಲ್ಲ, ಎರ್ಸ್ಟಾಲಿನ ನಕ್ಷೆಯಲ್ಲಿವೆ. ಎಲ್ಲೆಗಳನ್ನು ತಾನೇ ಹೊಸದಾಗಿ ನಿರ್ಣಯಿಸಬೇಕು. ಹಾಗೆ ನಿರ್ಣಯಿಸಿದ ಮೇಲೆ ಹುಟ್ಟುವ ಬಂದೂಕು ಮೂಲಕ್ಕೆ ಎಷ್ಟೇ ಹತ್ತಿರವಿದ್ದರೂ ಮೂಲವಲ್ಲ. 1-ಎ-1 ಆದುದು ಹೀಗೆ. ಅದು ಪೂರ್ಣವಾಗಿ ಅಂಗುಲದ ಬಳಗಕ್ಕೂ ಸೇರದೆ, ಪೂರ್ಣವಾಗಿ ಮೆಟ್ರಿಕ್ ಬಳಗಕ್ಕೂ ಸೇರದೆ, ಎರಡರ ಲಕ್ಷಣಗಳನ್ನೂ ಹೊತ್ತ ಮೂರನೆಯದಾಯಿತು. ಇದನ್ನು ಕೆಲವು ವಿದೇಶೀ ಲೇಖಕರು ನ್ಯೂನತೆಯೆಂದು ಗಣಿಸಿರುವರು. ಬೇರೆ ದೇಶಗಳ ಬಿಡಿಭಾಗಗಳನ್ನು ಕೊಂಡು ಕೂಡಿಸಬಯಸುವವನಿಗೆ ಅದು ನ್ಯೂನತೆಯೇ ಸರಿ. ಆದರೆ ಪ್ರತಿಯೊಂದು ಭಾಗವನ್ನೂ ತನ್ನ ನೆಲದಲ್ಲಿಯೇ ಮಾಡಲು ಹೊರಟಿದ್ದ ದೇಶಕ್ಕೆ ಇಷಾಪುರದ ಭಾಗವು ತಿರುಚಿರಾಪಳ್ಳಿಯ ಬಂದೂಕಿಗೆ ಸೇರುವುದು ಮುಖ್ಯವಾಗಿತ್ತೇ ಹೊರತು, ಎರ್ಸ್ಟಾಲಿನ ಬಂದೂಕಿಗೆ ಸೇರುವುದಲ್ಲ. ಹೊಂದಿಕೆಯು ಯಾರೊಡನೆ ಎಂಬ ಪ್ರಶ್ನೆಯನ್ನು ಆ ತಜ್ಞರು ತಮಗೆ ತಾವೇ ಹಾಕಿಕೊಂಡು ಉತ್ತರಿಸಿದರೆಂದು ನಾವು ಭಾವಿಸುತ್ತೇವೆ.

ಕಾಲವೂ ಗಮನಾರ್ಹ. ತೂಕ ಅಳತೆಗಳಲ್ಲಿ ಮೆಟ್ರಿಕ್ ಪದ್ಧತಿಯನ್ನು ವಿಧಿಸುವ ಕಾಯಿದೆಯು ನಮ್ಮ ಸಂಸತ್ತಿನಲ್ಲಿ 1956ರಲ್ಲಿ ಆಯಿತು. 1957ರಲ್ಲಿ ನಯೇಪೈಸೆ ಬಂದಿತು. 1958ರಿಂದ 1962ರವರೆಗೆ ಹಂತಹಂತವಾಗಿ ಸೇರು ಮಣಗಳು ಹೋಗಿ ಕಿಲೋಗ್ರಾಂ ಬಂದಿತು. ಸಂತೆಯಲ್ಲಿ ಅಜ್ಜಿಯರು ಹೊಸ ತೂಕದ ಕಲ್ಲುಗಳನ್ನು ಅನುಮಾನದಿಂದ ನೋಡುತ್ತಿದ್ದ ಆ ವರ್ಷಗಳಲ್ಲಿಯೇ ಪುಣೆಯಲ್ಲಿ 1-ಎ-1ರ ನಕ್ಷೆಯು ರೂಪುಗೊಳ್ಳುತ್ತಿತ್ತು. ಇಷಾಪುರದಲ್ಲಾದರೋ ಅರ್ಧ ಶತಮಾನದ ಅಂಗುಲದ ಯಂತ್ರಗಳು ಇನ್ನೂ ತಿರುಗುತ್ತಿದ್ದವು.

ಹೊಸ ರೈಫಲುಗಳು ಬೇಕಾದಷ್ಟು ಬೇಗ ತಯಾರಾಗದಿರಲು ಇಷಾಪುರದವರು ಇನ್ನೊಂದು ಉಪಾಯವನ್ನೂ ಮಾಡಿದರು. ಹಳೆಯ ಲೀ-ಎನ್‌ಫೀಲ್ಡನ್ನೇ ಉತ್ತಮ ಉಕ್ಕಿನಿಂದ ಹೊಸದಾಗಿ ಮಾಡಿ 7.62 ಮಿಲಿಮೀಟರಿನ ತೋಟಾಕ್ಕೆ ಹೊಂದಿಸಿದರು. 2-ಎ ಮತ್ತು 2-ಎ-1 ಎಂಬ ಹೆಸರಿನ ಆ ರೈಫಲುಗಳಲ್ಲಿ ಬೋಲ್ಟನ್ನು ಕೈಯಿಂದಲೇ ಎಳೆಯಬೇಕು. ಆದರೆ ತೋಟಾದ ಮಟ್ಟಿಗೆ ಅವು ಎಸ್.ಎಲ್.ಆರ್. ಜೊತೆ ನಿಲ್ಲಬಲ್ಲವು. ಈಚಿನವರೆಗೂ ಪೊಲೀಸ್ ಠಾಣೆಗಳ ಮುಂದೆ ಕಾವಲಿನವರ ಹೆಗಲ ಮೇಲೆ ಇವು ಕಾಣುತ್ತಿದ್ದವು. 1990ರ ದಶಕದ ಕೊನೆಯಿಂದ ಸೇನೆಯಲ್ಲಿ 5.56 ಮಿಲಿಮೀಟರಿನ ಇನ್ಸಾಸ್ ರೈಫಲು ಎಸ್.ಎಲ್.ಆರ್. ಜಾಗಕ್ಕೆ ಬಂದಿತು.

1-ಎ-1ರ ಹಿಂಗೊನೆಯಲ್ಲಿ ಮರದ ತುದಿಗೆ ಹೊದಿಸಿದ ಒಂದು ಲೋಹದ ತಗಡಿದೆ. ಅದರಲ್ಲಿ ಸಣ್ಣದೊಂದು ಮುಚ್ಚಳವಿದ್ದು, ಅದನ್ನು ತೆರೆದರೆ ಎಣ್ಣೆಯ ಸೀಸೆಯೂ ನಳಿಗೆಯನ್ನು ಶುಚಿಮಾಡುವ ದಾರವೂ ಇಡುವ ಗೂಡು ಕಾಣುತ್ತದೆ. ಬ್ರಿಟಿಷರ ಎಸ್.ಎಲ್.ಆರ್. ರೈಫಲಿನಲ್ಲಿ ಈ ತಗಡಿಲ್ಲ. ಇದು ಲೀ-ಎನ್‌ಫೀಲ್ಡಿನದು, ಇಷಾಪುರದಲ್ಲಿ ಅದನ್ನು ಮಾಡುವ ಅಚ್ಚುಗಳೂ ಗೇಜುಗಳೂ ಮೊದಲೇ ಇದ್ದವು, ಮಾಡಬಲ್ಲ ಕೈಗಳೂ ಇದ್ದವು.